ವಾಟರ್ ಡಿಸ್ಟ್ರಿಕ್ಟ್ ರದ್ದಾಗಬೇಕೆ? ಮೊದಲು ವಾರಸುದಾರರನ್ನು ಹುಡುಕಿ

ಕ್ಯಾಲಿಫೋರ್ನಿಯಾದಲ್ಲಿ ನೀರಿನ ಬಿಲ್ಲು ಸಿಟಿಯಿಂದಲೇ ಬರಬೇಕೆಂದಿಲ್ಲ. ಎಷ್ಟೋ ಕಡೆ ಚುನಾಯಿತ ಬೋರ್ಡು, ಸ್ವಂತ ಬಾವಿ, ಪೈಪು, ದರ ಎಲ್ಲ ಇರುವ ಪುಟ್ಟ ವಾಟರ್ ಡಿಸ್ಟ್ರಿಕ್ಟ್‌ಗಳೇ ನೀರು ಕೊಡುತ್ತವೆ. ಅವುಗಳಲ್ಲೊಂದು ಕೆಟ್ಟು ಕೂತಾಗ ಜನ ಮೊದಲು ಕೇಳುವುದು "ಬೋರ್ಡನ್ನು ಕಿತ್ತುಹಾಕಿ" ಎಂದು. ಆದರೆ ಕಾನೂನು ತಂದು ಕಿತ್ತುಹಾಕುವುದಕ್ಕಿಂತ, ಮರುದಿನ ಬೆಳಿಗ್ಗೆ ಪಂಪು ನಡೆಸುವವರನ್ನು ಒಪ್ಪಿಸುವುದೇ ಕಷ್ಟದ ಕೆಲಸ.

ಲಾಸ್ ಏಂಜಲೀಸ್ ಕೌಂಟಿಯ ಸಟೀವಾ ಇದಕ್ಕೆ ಒಳ್ಳೆಯ ಉದಾಹರಣೆ. 1938ರಲ್ಲಿ ಹುಟ್ಟಿದ ಈ ಡಿಸ್ಟ್ರಿಕ್ಟ್ ಕಾಂಪ್ಟನ್ ಮತ್ತು ವಿಲೋಬ್ರೂಕ್‌ನ ಸುಮಾರು 1,600 ಸಂಪರ್ಕಗಳಿಗೆ ನೀರು ಕೊಡುತ್ತಿತ್ತು. 2018ರಲ್ಲಿ ನಲ್ಲಿಗಳಲ್ಲಿ ಕಂದು ನೀರು ಬಂದು ಜನ ಬೀದಿಗಿಳಿದರು. ಅದೇ ಸೆಪ್ಟೆಂಬರಿನಲ್ಲಿ ಗವರ್ನರ್ ಜೆರ್ರಿ ಬ್ರೌನ್, ಡಿಸ್ಟ್ರಿಕ್ಟನ್ನು ಹಳೆಯ ಬೋರ್ಡಿನಿಂದ ಮಧ್ಯಂತರ ಆಡಳಿತಾಧಿಕಾರಿಗೆ ಒಪ್ಪಿಸುವ ಎಬಿ 1577ಕ್ಕೆ (ಅಸೆಂಬ್ಲಿ ಮಸೂದೆ) ಸಹಿ ಹಾಕಿದರು. ಆ ವರ್ಷ ಮುಗಿಯುವ ಮುನ್ನವೇ ಆಡಳಿತ ಕೌಂಟಿಯ ಕೈಗೆ ಬಂತು, 2019ರಲ್ಲಿ ಡಿಸ್ಟ್ರಿಕ್ಟ್ ವಿಸರ್ಜನೆಯಾಯಿತು.

ಹೊಸ ಕಾನೂನು ನಿಜವಾಗಿ ಬೇಕೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ವಿಸರ್ಜನೆಗೆ ಸಾಮಾನ್ಯ ದಾರಿ ಆಗಲೇ ಇದೆ. ಪ್ರತಿ ಕೌಂಟಿಯಲ್ಲೂ ಸ್ಥಳೀಯ ಸಂಸ್ಥೆಗಳ ರಚನೆ, ಗಡಿ ನೋಡಿಕೊಳ್ಳುವ ಲ್ಯಾಫ್ಕೋ ಎಂಬ ಆಯೋಗವಿದ್ದು, 2000ದ ಕಾಯ್ದೆಯಡಿ ಅರ್ಜಿ ಪಡೆದು ವಿಚಾರಣೆ ನಡೆಸುತ್ತದೆ. ವಿಚಾರಣೆ ಮುಗಿದ ಮೇಲೆ ನಿವಾಸಿಗಳ ಲಿಖಿತ ಆಕ್ಷೇಪ ಎಣಿಸುತ್ತಾರೆ. ಸಾಮಾನ್ಯವಾಗಿ ನೋಂದಾಯಿತ ಮತದಾರರಲ್ಲಿ ಶೇ 25 ದಾಟಿದರೆ ಚುನಾವಣೆ, ಶೇ 50 ದಾಟಿದರೆ ಪ್ರಸ್ತಾವವೇ ಬಿದ್ದುಹೋಗುತ್ತದೆ. ಲ್ಯಾಫ್ಕೋ ತಾನೇ ಆರಂಭಿಸಿದ ವಿಸರ್ಜನೆಯಾದರೆ ಶೇ 10ಕ್ಕೇ ಚುನಾವಣೆ ನಡೆಸಬೇಕಾಗುತ್ತಿತ್ತು. 2022ರ ಎಸ್‌ಬಿ 938 (ಸೆನೆಟ್ ಮಸೂದೆ), ಸೇವೆಯಲ್ಲಿ ಗಂಭೀರ ಲೋಪ ಸಾಬೀತಾದ ಪ್ರಕರಣಗಳಲ್ಲಿ ಆ ಮಿತಿಯನ್ನು ಶೇ 25ಕ್ಕೆ ಏರಿಸಿತು. ವ್ಯವಹಾರವೂ ಇಲ್ಲದ, ಆಸ್ತಿ–ಸಾಲವೂ ಇಲ್ಲದ ಹೆಸರಿಗಷ್ಟೇ ಉಳಿದ ಡಿಸ್ಟ್ರಿಕ್ಟ್ ಆದರೆ 2017ರ ಎಸ್‌ಬಿ 448 ಸಾಕು, ಶಾಸಕರ ಮನೆ ಬಾಗಿಲು ತಟ್ಟಬೇಕಾಗಿಲ್ಲ.

ವಿಶೇಷ ಕಾನೂನು ಬೇಕಾಗುವುದು ಎರಡು ಕಾರಣಕ್ಕೆ. ಲ್ಯಾಫ್ಕೋ ಪ್ರಕ್ರಿಯೆ ಮುಗಿಯುವವರೆಗೆ ಹಳೆಯ ಬೋರ್ಡೇ ಕುರ್ಚಿಯಲ್ಲಿರುತ್ತದೆ. ಜೊತೆಗೆ, ಹಳೆಯ ದಾವೆಗಳ ಹೊಣೆ ತಲೆಗೆ ಬರುತ್ತದೆಂದರೆ ಮಧ್ಯಂತರ ಆಡಳಿತಕ್ಕೆ ಯಾರೂ ಮುಂದೆ ಬರುವುದಿಲ್ಲ. ಹಾಗಾಗಿ ಮಸೂದೆಯಲ್ಲಿ ಬೋರ್ಡಿನ ಅಧಿಕಾರ ಯಾವ ದಿನ ಮುಗಿಯುತ್ತದೆ, ಆಡಳಿತಾಧಿಕಾರಿಯನ್ನು ಯಾರು ನೇಮಿಸುತ್ತಾರೆ, ಹಿಂದಿನ ತಪ್ಪುಗಳಿಂದ ಅವರಿಗೆಷ್ಟು ರಕ್ಷಣೆ ಎಂಬುದು ಒಂದೊಂದಾಗಿ ಬರೆದಿರಬೇಕು. ಸಟೀವಾದಲ್ಲಿ ಆಡಳಿತಾಧಿಕಾರಿಯ ನೇಮಕವನ್ನು ರಾಜ್ಯದ ಜಲಮಂಡಳಿಗೆ ಬಿಟ್ಟಿದ್ದರು.

ಕರಡಿನಲ್ಲಿ ಎಡವುವ ಜಾಗಗಳು ಗೊತ್ತಿರುವಂಥವೇ. ರಾಜ್ಯ ಸಂವಿಧಾನದ 4ನೇ ವಿಧಿಯ 16ನೇ ಕಲಂ ಪ್ರಕಾರ, ಸಾಮಾನ್ಯ ಕಾನೂನು ಸಾಕಾಗುವ ಕಡೆ ಒಂದೇ ಊರಿಗಾಗಿ ವಿಶೇಷ ಕಾನೂನು ಮಾಡುವಂತಿಲ್ಲ. ಇಲ್ಲಿ ಅದು ಏಕೆ ಸಾಲದು ಎಂಬ ಸಮರ್ಥನೆ ಮಸೂದೆಯಲ್ಲೇ ಇರಲಿ. "ನೀರು ಕೆಟ್ಟಿದೆ" ಎಂದರೆ ಸಾಲದು. ಪರೀಕ್ಷಾ ವರದಿ, ಲೆಕ್ಕಪರಿಶೋಧನೆ, ಸಭೆ ನಡೆಯದ ದಿನಾಂಕ, ಇಂಥವು ಬೇಕು. ತಕ್ಷಣ ಜಾರಿಗೆ ಬರಲೆಂದು ತುರ್ತು ಮಸೂದೆ ತಂದರೆ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು. ಅದಕ್ಕಿಂತ ದೊಡ್ಡ ಮುಳ್ಳು, ತುರ್ತು ಕಾನೂನಿನಿಂದ ಯಾವ ಹುದ್ದೆಯನ್ನೂ ಸೃಷ್ಟಿಸುವ ಅಥವಾ ರದ್ದು ಮಾಡುವ ಹಾಗಿಲ್ಲ. ಬೋರ್ಡು ಸದಸ್ಯರ ಬಗೆಗಿನ ಪ್ರತಿ ಸಾಲನ್ನೂ ಶಾಸಕಾಂಗದ ಕಾನೂನು ಸಲಹೆಗಾರರಿಂದ ಓದಿಸಿಕೊಳ್ಳಿ.

ಮಸೂದೆ ಮಂಡನೆಯ ಗಡುವು ಫೆಬ್ರುವರಿಯಲ್ಲೇ ಮುಗಿಯುತ್ತದೆ. ಏಪ್ರಿಲ್‌ನಲ್ಲಿ ಕಂದು ನೀರು ಬಂದರೆ ಮುಂದಿನ ವರ್ಷದವರೆಗೆ ಕಾಯಬೇಕೇ? ಇಲ್ಲ. ಈಗಾಗಲೇ ಸದನದಲ್ಲಿರುವ ಬೇರೆ ಮಸೂದೆಯ ಒಳಗಿನದನ್ನು ತೆಗೆದು ಹೊಸದನ್ನು ತುಂಬುವ ರೂಢಿಯಿದೆ. ಎಬಿ 1577 ಎಂಬ ಸಂಖ್ಯೆಯೇ 2017ರದು. ನೋಡಲು ಅಂಥ ಸೊಗಸಿನ ದಾರಿಯೇನಲ್ಲ, ಕೆಲಸವಂತೂ ಆಗುತ್ತದೆ. ಅಂತಿಮ ರೂಪ ಮತಕ್ಕೆ ಮುನ್ನ 72 ಗಂಟೆ ಪ್ರಕಟವಾಗಿರಲೇಬೇಕು, ಕೊನೆಯ ವಾರದ ತಿದ್ದುಪಡಿಗೆ ಈ ಲೆಕ್ಕ ಇಟ್ಟುಕೊಳ್ಳಿ.

ಇನ್ನು ಸಾಲ. ಡಿಸ್ಟ್ರಿಕ್ಟ್ ಇಲ್ಲವಾದರೆ ಸಾಲವೂ ಹೋಯಿತೆಂದುಕೊಳ್ಳಬೇಡಿ. ಅಲಬಾಮ ರಾಜ್ಯ 1879ರಲ್ಲಿ ಮೊಬೈಲ್ ನಗರವನ್ನೇ ವಿಸರ್ಜಿಸಿ ಬೇರೆ ಹೆಸರಲ್ಲಿ ಕಟ್ಟಿತು. 1886ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಹಳೆಯ ಸಾಲ ಹೊಸ ಸಂಸ್ಥೆಯದೇ ಎಂದಿತು. ಬಾಂಡು, ಬಾಕಿ ಬಿಲ್ಲು, ದಾವೆ, ಗ್ರಾಹಕರ ಠೇವಣಿ ಎಲ್ಲದರ ಪಟ್ಟಿ ಮಾಡಿ, ಪ್ರತಿಯೊಂದರ ಎದುರು ಹೊರುವವರ ಹೆಸರು ಬರೆಯಿರಿ. ಜನ ಮರೆಯುವುದು ಪಿಂಚಣಿಯನ್ನು. ಈಸ್ಟ್ ಸ್ಯಾನ್ ಗೇಬ್ರಿಯಲ್ ವ್ಯಾಲಿಯಲ್ಲಿ ಹಲವು ನಗರಗಳು ಸೇರಿ ನಡೆಸುತ್ತಿದ್ದ ಒಂದು ಉದ್ಯೋಗ ಸೇವಾ ಸಂಸ್ಥೆ ಮುಚ್ಚಿತು. ಪಿಂಚಣಿ ಬಾಕಿ ತೆರಲು ಯಾರೂ ಒಪ್ಪಲಿಲ್ಲ. 2017ರಲ್ಲಿ ನಿವೃತ್ತರ ಪಿಂಚಣಿಗೇ ಕತ್ತರಿ ಬಿತ್ತು. ಕ್ಯಾಲ್‌ಪರ್ಸ್ (ರಾಜ್ಯದ ಸರ್ಕಾರಿ ನೌಕರರ ಪಿಂಚಣಿ ನಿಧಿ) ಜೊತೆಗಿನ ಒಪ್ಪಂದವನ್ನು ಯಾರು ವಹಿಸಿಕೊಳ್ಳುತ್ತಾರೆಂದು ಬರಹದಲ್ಲಿಲ್ಲದೆ ಮಸೂದೆ ಮುಂದೊಯ್ಯಬೇಡಿ.

ಹಸ್ತಾಂತರದ ಕಾಗದಗಳು: ಕುಡಿಯುವ ನೀರಿನ ಪರ್ಮಿಟ್ಟು ಹೊಸ ಮಾಲೀಕರ ಹೆಸರಿಗೆ, ಬಾವಿಯ ನೀರೆತ್ತುವ ಹಕ್ಕು (ಅಂತರ್ಜಲ ಪ್ರದೇಶವಾದ ಸೆಂಟ್ರಲ್ ಬೇಸಿನ್‌ನಂಥ ಕಡೆ ಕೋರ್ಟು ನಿಗದಿಪಡಿಸಿದ ಪಾಲು), ಪೈಪು ಹಾದುಹೋಗುವ ಜಾಗದ ಹಕ್ಕುಪತ್ರ. ಲ್ಯಾಫ್ಕೋದ ಪೂರ್ಣತಾ ಪ್ರಮಾಣಪತ್ರ ಕೌಂಟಿಯಲ್ಲಿ ನೋಂದಣಿಯಾದ ಮೇಲೆ ತೆರಿಗೆ ನಕ್ಷೆ ಬದಲಾಯಿಸಲು ರಾಜ್ಯದ ಬೋರ್ಡ್ ಆಫ್ ಈಕ್ವಲೈಜೇಷನ್‌ಗೂ ತಿಳಿಸಬೇಕು. ವಾಲ್ವುಗಳ ನಕ್ಷೆ ಎಷ್ಟೋ ಸಲ ಹಳೆಯ ನೌಕರರ ತಲೆಯಲ್ಲಷ್ಟೇ ಇರುತ್ತದೆ, ಅವರು ಹೊರಡುವ ಮುನ್ನ ಕಾಗದಕ್ಕಿಳಿಸಿ.

ಬೋರ್ಡು ಬದಲಾದ ದಿನವೇ ನೀರು ತಿಳಿಯಾಗುವುದಿಲ್ಲ. ಬಾವಿಯ ಮ್ಯಾಂಗನೀಸ್ ಪೈಪಿನ ತಳದಲ್ಲಿ ಕೂತು, ಒತ್ತಡ ಏರುಪೇರಾದಾಗ ಕದಡಿ ಬರುತ್ತದೆ. ಅದನ್ನು ತೆಗೆಯಲು ಬಾವಿಯ ಕಡೆಯಿಂದ ತುದಿಯ ಕಡೆಗೆ, ವಾಲ್ವು ಮುಚ್ಚುತ್ತ ಒಂದೊಂದೇ ಸಾಲನ್ನು ತೊಳೆಯಬೇಕು. ವೇಗ ಸೆಕೆಂಡಿಗೆ ಕನಿಷ್ಠ 2.5 ಅಡಿ, ಗಟ್ಟಿಯಾಗಿ ಅಂಟಿದ್ದರೆ 5 ಅಡಿ. ಕಂಡಲ್ಲಿ ಹೈಡ್ರೆಂಟ್ ತೆರೆದರೆ ಕೊಳೆ ಪಕ್ಕದ ಬೀದಿಗೆ ಹೋಗುತ್ತದೆ, ಅಷ್ಟೆ.

ಶಾಶ್ವತ ವಾರಸುದಾರರ ಆಯ್ಕೆ ದರದ ಮೇಲಿನ ನಿವಾಸಿಗಳ ಹಿಡಿತವನ್ನೂ ಬದಲಿಸುತ್ತದೆ. ಸರ್ಕಾರಿ ಸಂಸ್ಥೆಯಾದರೆ ದರ ಏರಿಸುವ ಮುನ್ನ 45 ದಿನಗಳ ನೋಟಿಸು ಕೊಡಬೇಕು, ಬಹುಮತದ ಲಿಖಿತ ಆಕ್ಷೇಪ ಬಂದರೆ ಏರಿಕೆ ನಿಲ್ಲುತ್ತದೆ. ಖಾಸಗಿ ಕಂಪನಿಯಾದರೆ ಆ ಹಕ್ಕಿಲ್ಲ. ಸಟೀವಾ ಕೊನೆಗೆ ಸೇರಿದ್ದು ಸಬರ್ಬನ್ ವಾಟರ್ ಸಿಸ್ಟಮ್ಸ್‌ಗೆ. ಅಂಥ ಕಡೆ ದರ ತೀರ್ಮಾನಿಸುವುದು ರಾಜ್ಯದ ಪಬ್ಲಿಕ್ ಯುಟಿಲಿಟೀಸ್ ಕಮಿಷನ್, ಆಕ್ಷೇಪವನ್ನೂ ಅಲ್ಲೇ ಸಲ್ಲಿಸಬೇಕು.