ಅಜ್ಜ-ಅಜ್ಜಿಯ ಹಳೇ ಫೋಟೊಗಳು ಸಿಕ್ಕಾಗ ಮೊದಲು ಏನು ಮಾಡಬೇಕು?

ಪೆಟ್ಟಿಗೆ ತೆರೆದ ಕೂಡಲೇ ವಿಂಗಡಿಸಲು ಕೂರಬೇಡಿ. ಯಾವ ಫೋಟೊ ಯಾವುದರ ಪಕ್ಕದಲ್ಲಿತ್ತು ಎಂಬುದೇ ಎಷ್ಟೋ ಸಲ ಉಳಿದಿರುವ ಒಂದೇ ಸುಳಿವು. ಆಲ್ಬಮ್ಮಿನ ಪುಟಗಳನ್ನೂ ಕವರಿನ ಮೇಲಿನ ಬರಹವನ್ನೂ ಇದ್ದ ಹಾಗೇ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡು ಆಮೇಲೆ ಕೈ ಹಾಕಿ.

ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು ಅಂಚನ್ನಷ್ಟೇ ಹಿಡಿಯಿರಿ. ಧೂಳಿಗೆ ಮೆತ್ತನೆಯ ಒಣ ಬ್ರಶ್ ಸಾಕು. ನೀರು ತಾಗಿಸಬೇಡಿ, ಚಿತ್ರವನ್ನು ಹಿಡಿದಿಟ್ಟಿರುವ ಜೆಲಟಿನ್ ಪದರ ಒದ್ದೆಯಾದರೆ ಉಬ್ಬಿ ಅಂಟಂಟಾಗುತ್ತದೆ. ತೇವಕ್ಕೆ ಫೋಟೊ ಫ್ರೇಮಿನ ಗಾಜಿಗೆ ಕಚ್ಚಿಕೊಳ್ಳುವುದೂ ಹೀಗೆಯೇ. ಎಳೆದರೆ ಮುಖ ಗಾಜಿನಲ್ಲೇ ಉಳಿಯುತ್ತದೆ, ಹಾಗಾಗಿ ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಅಂಟು ಪುಟದ ಆಲ್ಬಮ್ಮಾದರೆ ಡೆಂಟಲ್ ಫ್ಲಾಸ್ ದಾರವನ್ನು ಒಂದು ಮೂಲೆಯಿಂದ ಫೋಟೊದ ಹಿಂದೆ ತೂರಿಸಿ, ಆಚೀಚೆ ನಿಧಾನವಾಗಿ ಎಳೆಯಿರಿ. ಫೋಟೊ ಬಾಗತೊಡಗಿದರೆ ಅಲ್ಲಿಗೇ ಬಿಟ್ಟು ಪುಟವನ್ನೇ ಸ್ಕ್ಯಾನ್ ಮಾಡಿ.

ಸ್ಕ್ಯಾನಿಗೆ 600 ಡಿಪಿಐ (ಒಂದು ಅಂಗುಲಕ್ಕೆ ಎಷ್ಟು ಚುಕ್ಕೆ ಎಂಬ ಅಳತೆ) ಸಾಕು, ಪಾಸ್‌ಪೋರ್ಟ್ ಗಾತ್ರದ್ದಕ್ಕೆ 1200. ಕಪ್ಪು-ಬಿಳುಪಾದರೂ ಕಲರ್ ಮೋಡಿನಲ್ಲೇ ಮಾಡಿ. ಹಿಂಬದಿಯನ್ನು ಮರೆಯಬೇಡಿ, ಸ್ಟುಡಿಯೋದ ಮೊಹರು, ತಾರೀಕು ಇರುವುದು ಅಲ್ಲೇ.

ನಿಜಕ್ಕೂ ಅವಸರ ಇರುವುದು ಹೆಸರುಗಳಿಗೆ. ಸ್ಕ್ಯಾನ್ ಮುಂದಿನ ವರ್ಷವೂ ಆದೀತು, ಗುರುತಿಸಬಲ್ಲ ಹಿರಿಯರು ಆಗಲೂ ಇರುತ್ತಾರೆಂದು ಹೇಳಲಾಗದು. ಅವರ ಮುಂದೆ ಒಂದು ಸಲಕ್ಕೆ ಐದಾರು ಫೋಟೊ ಮಾತ್ರ ಇಡಿ, ಮೊಬೈಲಿನಲ್ಲಿ ರೆಕಾರ್ಡಿಂಗ್ ಹಾಕಿ. ‘ಇವರು ಯಾರು?’ ಎಂದರೆ ‘ನೆನಪಿಲ್ಲ’ ಎಂಬಲ್ಲಿಗೆ ಮಾತು ನಿಂತುಬಿಡಬಹುದು. ‘ಈ ಫೋಟೊ ತೆಗೆದವರು ಯಾರು? ಆ ಕುರ್ಚಿ ಯಾರ ಮನೆಯದು? ಅವತ್ತು ಯಾರು ಬಂದಿರಲಿಲ್ಲ?’ ಎಂದು ಕೇಳಿ. ನೆನಪು ಒಂದನ್ನೊಂದು ಎಳೆದು ತರುತ್ತದೆ. ಇಸವಿ ಹಿಡಿಯಲು ಮಕ್ಕಳನ್ನು ನೋಡಿ: 1958ರಲ್ಲಿ ಹುಟ್ಟಿದ ಮಗು ಅಜ್ಜಿಯ ತೊಡೆಯ ಮೇಲೆ ಇನ್ನೂ ಆಸರೆಯಿಂದ ಕೂತಿದ್ದರೆ ಫೋಟೊ 1958-59ರದ್ದು. ಊಹೆಯಾದರೆ ‘ಸುಮಾರು’ ಎಂದು ಬರೆಯಿರಿ, ಹೇಳಿದವರ ಹೆಸರನ್ನೂ ಸೇರಿಸಿ.

ಬರೆಯಲು 4ಬಿಯಂಥ ಮೆದು ಪೆನ್ಸಿಲ್, ಹಿಂಬದಿಯ ಅಂಚಿನಲ್ಲಿ, ಒತ್ತದೆ. ಬಾಲ್‌ಪೆನ್ನಿನ ಗೆರೆ ಮುಂಬದಿಗೆ ಉಬ್ಬುತ್ತದೆ. ನುಣುಪು ಹಿಂಬದಿಯ ಕಲರ್ ಫೋಟೊಗಳ ಮೇಲೆ ಪೆನ್ಸಿಲ್ ಹತ್ತುವುದಿಲ್ಲ, ಅವಕ್ಕೆ ಲಕೋಟೆಯ ಮೇಲೆ ಬರೆದು, ಆಮೇಲೆ ಫೋಟೊ ಒಳಗಿಡಿ. ಲಕೋಟೆ ಆಸಿಡ್ ಇಲ್ಲದ ಕಾಗದದ್ದಿರಲಿ; ಘಾಟು ಹೊಡೆಯುವ ಪಿವಿಸಿ ಪ್ಲಾಸ್ಟಿಕ್ ಕವರ್ ಬೇಡ. ವಿನೆಗರ್ ವಾಸನೆ ಬರುವ ನೆಗೆಟಿವ್ ಕೊಳೆಯತೊಡಗಿದೆ ಎಂದರ್ಥ. ಅದನ್ನು ಬೇರೆಯಾಗಿಟ್ಟು, ಎಲ್ಲಕ್ಕಿಂತ ಮೊದಲು ಸ್ಕ್ಯಾನ್ ಮಾಡಿಸಿ.