ಗಾಜಿಗೆ ಅಂಟಿದ ಕ್ವಾಯರ್ ಫೋಟೊಗಳು: ಕೀಳದೆಯೇ ಉಳಿಸಿಕೊಂಡ ಬಗೆ

ಕೆಜಿಎಫ್‌ನ ನಮ್ಮ ಚರ್ಚಿನ ಕ್ವಾಯರ್ (ಹಾಡುಗಾರರ ತಂಡ) ಮಾಸ್ಟರ್ ತೀರಿಕೊಂಡ ಮೇಲೆ ಅವರ ಮನೆಯವರು ಕೊಟ್ಟದ್ದು ಎರಡು ಆಲ್ಬಂ, ಕಟ್ಟು ಹಾಕಿಸಿದ ಏಳೆಂಟು ಗ್ರೂಪ್ ಫೋಟೊ. ಎಲ್ಲ ಸೇರಿ ನೂರನಲವತ್ತರ ಹತ್ತಿರ. ಮೂರು ಸ್ಟುಡಿಯೊದವರೂ "ಗಾಜಿಗೆ ಹತ್ತಿಬಿಟ್ಟಿದೆ, ಕಿತ್ತರೆ ಮುಖವೇ ಬರುತ್ತೆ" ಎಂದು ಕೈಚೆಲ್ಲಿದರು. ಮುಖ ಬರುವುದು ನಿಜ. ಆದರೆ ಕೀಳಲೇಬೇಕು ಅಂತ ಏನಿದೆ?

ಮೊದಲ ದಂಡ ಸ್ಕ್ಯಾನರಿನದು. ಮೂರೂವರೆ ಸಾವಿರ ಕೊಟ್ಟು ತಂದ ತೆಳ್ಳನೆಯ ಯಂತ್ರ ಸಿಐಎಸ್ ಜಾತಿಯದು. ತನ್ನ ಗಾಜಿಗೆ ತಾಗಿದ್ದನ್ನಷ್ಟೇ ಚೊಕ್ಕವಾಗಿ ಹಿಡಿಯುತ್ತೆ. ನಡುವೆ ಕಟ್ಟಿನ ಗಾಜು ಎರಡು ಮಿಲಿಮೀಟರ್ ಇದ್ದರೂ ಎಲ್ಲ ಮಂಜು. ಕೊನೆಗೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೆಯ ಸಿಸಿಡಿ ಸ್ಕ್ಯಾನರ್ ಎರಡು ಸಾವಿರ ಚಿಲ್ಲರೆಗೆ ಸಿಕ್ಕಿತು. ಭಾರ, ನಿಧಾನ, ಸದ್ದು ಬೇರೆ; ಆದರೆ ಗಾಜಿನಾಚೆಗೂ ಕಣ್ಣು ಹೋಗುತ್ತೆ. ಅದಕ್ಕೂ ಹಿಡಿಸದ ಕಟ್ಟುಗಳಿಗೆ ಕ್ಯಾಮೆರಾ: ಎರಡು ಬದಿಯಿಂದ 45 ಡಿಗ್ರಿಯಲ್ಲಿ ಒಂದೇ ಬಗೆಯ ಎಲ್‌ಇಡಿ, ಲೆನ್ಸಿನಷ್ಟೇ ತೂತು ಬಿಟ್ಟ ಕಪ್ಪು ಬಟ್ಟೆ. ಬಟ್ಟೆ ಮರೆತರೆ ಮಾಸ್ಟರ್ ಎದೆಯ ಮೇಲೆ ನಿಮ್ಮ ಅಂಗಿ ಕಾಣುತ್ತೆ.

ಅಂಟು ಹಾಳೆಯ ಆಲ್ಬಂ ಇನ್ನೂ ಕೆಟ್ಟದ್ದು. ಹಲ್ಲಿನ ಸಂದು ಶುಚಿ ಮಾಡುವ ಫ್ಲಾಸ್ ದಾರವನ್ನು ಫೋಟೊದ ಅಡಿಗೆ ತೂರಿಸಿ ಗರಗಸದಂತೆ ಆಡಿಸಿದರೆ ಹತ್ತರಲ್ಲಿ ಎಂಟು ಬಿಡುತ್ತವೆ. ಬಿಡದ ಹಾಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಒಂದು ರಾತ್ರಿ ಫ್ರೀಜರಿನಲ್ಲಿಟ್ಟೆ. ಅಂಟು ಗಡುಸಾಗಿ ಸಿಡಿಯುತ್ತೆ. ಚೀಲ ಕೋಣೆಯ ಬಿಸಿಗೆ ಬರುವವರೆಗೆ ತೆರೆಯಬಾರದು. ಅವಸರಕ್ಕೆ ತೆರೆದೆ, ಇಬ್ಬನಿ ಕೂತು ನಾಲ್ಕು ಫೋಟೊ ಮೇಲ್ಮೈ ಅಂಟಂಟಾಗಿ ಹಾಳಾದವು. ಅದರಲ್ಲೊಂದು ಈಸ್ಟರಿಗೆ ಒಂದು ವಾರ ಮುಂಚೆ ಬರುವ ಗರಿಗಳ ಭಾನುವಾರದ್ದು.

ರೇಷ್ಮೆ ನೆಯ್ಗೆಯಂಥ, ಮೈತುಂಬ ಸಣ್ಣ ಗುಳಿಗಳಿರುವ ಕಾಗದದ ಪ್ರಿಂಟಿಗೆ 600 ಡಿಪಿಐನಲ್ಲಿ (ಅಂಗುಲಕ್ಕೆ 600 ಚುಕ್ಕೆ) ಒಂದು ಸ್ಕ್ಯಾನ್. ಫೋಟೊ ತಲೆಕೆಳಗು ಮಾಡಿ ಇನ್ನೊಂದು. ಎರಡನೆಯದನ್ನು ಫೋಟೊ ತಿದ್ದುವ ಗಿಂಪ್ ತಂತ್ರಾಂಶದಲ್ಲಿ ನೆಟ್ಟಗೆ ತಿರುಗಿಸಿ, ಮೊದಲನೆಯದರ ಮೇಲೆ ಕೂರಿಸಿ, 50 ಪರ್ಸೆಂಟ್ ಪಾರದರ್ಶಕ ಮಾಡಿ. ಗುಳಿಗಳ ನೆರಳು ಒಂದನ್ನೊಂದು ಹೊಡೆದುಹಾಕುತ್ತೆ. ಕೂರಿಸುವಾಗ ಕೂದಲೆಳೆ ತಪ್ಪಿದರೂ ಕಣ್ಣು ಎರಡಾಗುತ್ತವೆ. ಅದಕ್ಕೆ ನಾನು ಹಿಡಿದ ಗುರುತು ನನ್ನ ಹತ್ತಿರವೇ ಇರಲಿ.

ಮುಖ ತಿಳಿ ಮಾಡುವ ಮೊಬೈಲ್ ಆ್ಯಪ್‌ಗೆ ತಿಂಗಳಿಗೆ ನಾನೂರು ಸುರಿದೆ. ಆಲ್ಟೊ (ಕೆಳದನಿ) ಸಾಲಿನ ಹೆಂಗಸರಿಗೆಲ್ಲ ಒಂದೇ ಮೂಗು ಕೊಟ್ಟಿತು. ಬಿಟ್ಟೆ.

ಒಂದು ಫೋಟೊದಲ್ಲಿ ಮಾಸ್ಟರ್ ಎಡಗೈಯಲ್ಲಿ ಹಾರ್ಮೋನಿಯಂ ಮನೆ ಒತ್ತುತ್ತಾ ಬಲಗೈಯಲ್ಲಿ ತಿದಿ ಎಳೆಯುತ್ತಿದ್ದರು. ಎಡಚರಿರಬಹುದೆಂದು ಕೆಲವರು ವಾದಿಸಿದರು. ಹಿಂದೆ ನಿಂತ ಹೆಂಗಸರ ಸೆರಗು ನೋಡಿ ಎಂದೆ: ಎಲ್ಲರದ್ದೂ ಬಲಭುಜದ ಮೇಲೆ! ನೆಗೆಟಿವ್ ಮಗುಚಿ ಪ್ರಿಂಟ್ ಹಾಕಿದ್ದಾರೆ, ಅಷ್ಟೆ. ಕನ್ನಡಿಯಂತೆ ತಿರುಗಿಸಿದ ಮೇಲೆ ಗಂಡಸರ ಅಂಗಿಯ ಗುಂಡಿಯೂ ಸರಿಯಾದ ಬದಿಗೆ ಬಂತು.

ಹೆಸರು ಹಿಡಿಯುವುದೇ ಹೆಚ್ಚು ತಿಂದ ಕೆಲಸ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಹಾಡುತ್ತಿದ್ದ ಮನೆಗಳು ಬೆಂಗಳೂರು, ಚೆನ್ನೈ ಅಂತ ಚದುರಿವೆ. ಮೂಲ ಫೋಟೊ ಹೊತ್ತು ತಿರುಗಬಾರದು. ಎ4 ಪ್ರಿಂಟಿನ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ಪ್ರತಿ ತಲೆಗೂ ಸಂಖ್ಯೆ ಕೊಟ್ಟೆ. ಬರೆಯಲು ಮೆತ್ತನೆಯ ಪೆನ್ಸಿಲ್. ಹಿರಿಯರನ್ನು ಒಬ್ಬೊಬ್ಬರನ್ನೇ ಕೇಳಬೇಕು. ಇಬ್ಬರು ಒಟ್ಟಿಗೆ ಕೂತರೆ ಮೊದಲು ಬಾಯಿಬಿಟ್ಟವರ ಹೆಸರೇ ನಿಂತುಬಿಡುತ್ತೆ. ಗಂಡಸರ ದನಿಗಳಾದ ಟೆನರ್, ಬೇಸ್‌ನವರು ವರ್ಷಗಟ್ಟಲೆ ಅದೇ ಜಾಗದಲ್ಲಿ ನಿಲ್ಲುತ್ತಿದ್ದರಿಂದ ಒಂದು ಕ್ರಿಸ್ಮಸ್ ಫೋಟೊದ ಹೆಸರುಗಳು ಇನ್ನೊಂದಕ್ಕೂ ಸುಳಿವಾದವು.

ಇನ್ನೊಂದು ಹುಚ್ಚು: ಒಂದು ಫೋಟೊದಲ್ಲಿ ಸ್ಟ್ಯಾಂಡಿನ ಮೇಲಿದ್ದ ಸಾಲ್‌ಫಾ (ಸ್ವರಗಳನ್ನು ಅಕ್ಷರದಲ್ಲಿ ಬರೆಯುವ ಬಗೆ) ಹಾಳೆಯನ್ನು 2400 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದೆ. ಸ್ವರಾಕ್ಷರ ಒಂದೂ ಓದಲಾಗಲಿಲ್ಲ, ಫೋಟೊ ಕಾಗದದ ಕಾಳಷ್ಟೇ ದೊಡ್ಡದಾಯಿತು. ಆದರೆ ಎರಡು ಗೆರೆಗಳ ನಡುವೆ ಎರಡೆರಡು ಕೋಲನ್ (:) ಕಂಡವು. ಪೆಟ್ಟುಗಳನ್ನು ಬೇರೆ ಮಾಡುವುದು ಅದೇ, ಅಂದರೆ ಮೂರು ಪೆಟ್ಟಿನ ಹಾಡು. ಯಾವುದೆಂದು ಸೊಪ್ರಾನೊ (ಮೇಲ್ದನಿ) ಸಾಲಿನ ಅಮ್ಮಂದಿರು ಇನ್ನೂ ಜಗಳವಾಡುತ್ತಿದ್ದಾರೆ.