ಎಷ್ಟು ದೂರದಲ್ಲಿ ಕಾಣಬೇಕು? ಸಾಗರದ ಆಪ್ಟೋಮೆಟ್ರಿಸ್ಟ್ ಒಬ್ಬಳ ಅನುಭವ

ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಕಣ್ಣು ಪರೀಕ್ಷೆಯ ಸ್ವಂತ ಕೊಠಡಿ ತೆರೆದ ಮೊದಲ ವರ್ಷ, ಶ್ರೀಗಂಧದ ಕೆತ್ತನೆ ಮಾಡುವ ಗುಡಿಗಾರ ಮನೆತನದ ಹಿರಿಯರೊಬ್ಬರಿಗೆ ಕನ್ನಡಕ ಬರೆದುಕೊಟ್ಟಿದ್ದೆ. ಅವರಿಗೆ 58 ವರ್ಷ. ದೂರದ ನೋಟದಲ್ಲಿ ಯಾವ ದೋಷವೂ ಇರಲಿಲ್ಲ, ಹತ್ತಿರಕ್ಕೆ ಪ್ಲಸ್ 2.25 ಹಾಕಿದಾಗ ಓದುವ ಚಾರ್ಟಿನ ಅತಿ ಸಣ್ಣ ಸಾಲನ್ನೂ ತಡವರಿಸದೆ ಓದಿದ್ದರು. ವಾರ ಕಳೆದ ಮೇಲೆ ಕನ್ನಡಕವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದು, “ಡಾಕ್ಟ್ರಮ್ಮ, ಪೇಪರ್ ಚೆನ್ನಾಗಿ ಕಾಣ್ತದೆ, ಉಳಿಯ ತುದಿ ಮಾತ್ರ ಕಾಣೋದಿಲ್ಲ” ಎಂದರು. ಮತ್ತೆ ಪರೀಕ್ಷಿಸಿದರೂ ಅದೇ ನಂಬರ್ ಬಂತು.

ಮರುದಿನ ಬೆಳಿಗ್ಗೆ ಅವರ ಮನೆಗೇ ಹೋದೆ. ಕಿಟಕಿಯ ಬಳಿ ಮಣೆಯ ಮೇಲೆ ಕುಳಿತು, ಅಂಗೈ ಅಗಲದ ಗಣಪತಿಯನ್ನು ಎಡಗೈಯಲ್ಲಿ ಹಿಡಿದು, ಹುಬ್ಬಿನ ಗೆರೆ ಬಿಡಿಸುತ್ತಿದ್ದರು. ಬೆನ್ನು ಪೂರ್ತಿ ಬಾಗಿತ್ತು. ಬಟ್ಟೆ ಹೊಲಿಯುವವರ ಟೇಪನ್ನು ಅವರ ಕಣ್ಣಿನಿಂದ ಉಳಿಯ ತುದಿಯವರೆಗೆ ಹಿಡಿದು ಅಳೆದೆ. 27 ಸೆಂಟಿಮೀಟರ್ ಇತ್ತು. ನಾನು ಪರೀಕ್ಷಿಸಿದ್ದು 40 ಸೆಂಟಿಮೀಟರಿನಲ್ಲಿ. ಒಂದನ್ನು ಮೀಟರಿನ ಲೆಕ್ಕದ ದೂರದಿಂದ ಭಾಗಿಸಿದರೆ ಆ ದೂರಕ್ಕೆ ಕಣ್ಣು ಎಷ್ಟು ಶಕ್ತಿ ಕೂಡಿಸಿಕೊಳ್ಳಬೇಕೆಂಬುದು ತಿಳಿಯುತ್ತದೆ. 40ಕ್ಕೆ ಅದು 2.50, 27ಕ್ಕೆ ಸುಮಾರು 3.70. ಐವತ್ತೆಂಟರ ಕಣ್ಣು ತಾನಾಗಿ ಕೂಡಿಸಿಕೊಳ್ಳಬಲ್ಲದ್ದು ತೀರ ಅಲ್ಪ. ಕೆತ್ತನೆಗೆಂದೇ ಪ್ಲಸ್ 3.50ರ ಇನ್ನೊಂದು ಕನ್ನಡಕ ಮಾಡಿಸಿಕೊಟ್ಟೆ, ಹಳೆಯದು ಪತ್ರಿಕೆ ಓದಲು ಉಳಿಯಿತು. ತಪ್ಪು ನನ್ನದೇ ಆಗಿದ್ದರಿಂದ ಅದರ ಹಣ ತೆಗೆದುಕೊಳ್ಳಲಿಲ್ಲ. ಅಂದಿನಿಂದ ನನ್ನ ನೋಂದಣಿ ಪುಸ್ತಕದಲ್ಲಿ ಹೆಸರು, ವಯಸ್ಸಿನ ಪಕ್ಕದಲ್ಲಿ ‘ಕೆಲಸದ ದೂರ’ ಎಂಬ ಒಂದು ಕಾಲಂ ಇದೆ.

ಈ ವೃತ್ತಿಯ ಬೀಜ ಬಹುಶಃ ನಮ್ಮ ಅಜ್ಜಿಯ ಕನ್ನಡಕದಲ್ಲಿತ್ತು. ಅಜ್ಜಿಯ ಪೊರೆ ತೆಗೆದದ್ದು ಊರೂರು ತಿರುಗಿ ಸಾಮೂಹಿಕ ಶಿಬಿರ ನಡೆಸುತ್ತಿದ್ದ ಡಾ. ಎಂ. ಸಿ. ಮೋದಿಯವರ ಒಂದು ಶಿಬಿರದಲ್ಲಿ. ಆ ಕಾಲದಲ್ಲಿ ಪೊರೆ ತೆಗೆದ ಕಣ್ಣಿನೊಳಗೆ ಲೆನ್ಸ್ ಕೂರಿಸುತ್ತಿರಲಿಲ್ಲವಾದ್ದರಿಂದ, ಅದರ ಬದಲಿಗೆ ಸೋಡಾ ಬಾಟಲಿಯ ತಳದಷ್ಟು ದಪ್ಪದ ಗಾಜಿನ ಕನ್ನಡಕ ಕೊಡುತ್ತಿದ್ದರು. ಮಗುವಾಗಿದ್ದಾಗ ಅದನ್ನು ಕದ್ದು ಹಾಕಿಕೊಂಡು ಅಂಗಳಕ್ಕಿಳಿಯುತ್ತಿದ್ದೆ, ತುಳಸಿಕಟ್ಟೆ ಮಂಜಾಗಿ ಮೈಮೇಲೆ ಬಂದಂತೆ ದೊಡ್ಡದಾಗುತ್ತಿತ್ತು. ಯಾಕೆ ಹಾಗಾಗುತ್ತದೆಂದು ಅಪ್ಪನನ್ನು ಕೇಳಿದ್ದೆ. ಉತ್ತರ ಸಿಕ್ಕಿದ್ದು ಕಾಲೇಜಿನ ಮೊದಲ ವರ್ಷದಲ್ಲಿ, ಪ್ಲಸ್ 10ರ ಗಾಜು ಬಿಂಬವನ್ನು ಎಷ್ಟು ಹಿಗ್ಗಿಸುತ್ತದೆಂಬ ಪಾಠದಲ್ಲಿ.

ಪಿಯುಸಿಯಲ್ಲಿ ವಿಜ್ಞಾನ ಓದಿದ ಬಹುತೇಕರಂತೆ ನನಗೂ ಎಂಬಿಬಿಎಸ್ ಆಸೆಯಿತ್ತು, ಸಿಕ್ಕ ರ್‍ಯಾಂಕಿಗೆ ಸೀಟು ಬರಲಿಲ್ಲ. ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದ ಕಾಲೇಜೊಂದರಲ್ಲಿ ಆಪ್ಟೋಮೆಟ್ರಿ ಪದವಿಗೆ ಸೇರಿದೆ. ಮೂರು ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಶಿಪ್. ಊರಿನಲ್ಲಿ ಇದನ್ನು ವಿವರಿಸುವುದೇ ಅಮ್ಮನಿಗೆ ಕಷ್ಟವಾಗಿತ್ತು. ಶಸ್ತ್ರಚಿಕಿತ್ಸೆ ಮಾಡುವವರು ಎಂಬಿಬಿಎಸ್ ಮುಗಿಸಿ ಮುಂದೆ ಓದಿದ ನೇತ್ರತಜ್ಞರು. ಗಾಜನ್ನು ಫ್ರೇಮಿಗೆ ಕೂರಿಸುವವರು ಕನ್ನಡಕದ ಅಂಗಡಿಯವರು. ದೃಷ್ಟಿಯನ್ನು ಅಳೆದು, ದೋಷಕ್ಕೆ ತಕ್ಕ ಗಾಜನ್ನು ನಿರ್ಧರಿಸಿ, ರೋಗದ ಸುಳಿವು ಕಂಡರೆ ತಜ್ಞರಲ್ಲಿಗೆ ಕಳಿಸುವ ಕೆಲಸ ನಮ್ಮದು. ಜನ ನಮ್ಮನ್ನೂ ಕಣ್ಣು ಡಾಕ್ಟರು ಎಂದೇ ಕರೆಯುತ್ತಾರೆ, ನಾನು ಪ್ರತಿ ಸಲವೂ ತಿದ್ದುತ್ತೇನೆ. 2021ರಲ್ಲಿ ಸಂಸತ್ತು ಸಹವರ್ತಿ ಆರೋಗ್ಯ ವೃತ್ತಿಗಳಿಗೆಂದು ರಾಷ್ಟ್ರೀಯ ಆಯೋಗದ ಕಾಯ್ದೆ ತಂದಾಗ ಅದರಲ್ಲಿ ನಮ್ಮ ವೃತ್ತಿಯ ಹೆಸರೂ ಇತ್ತು. ಆ ದಿನ ಹಳೆಯ ಸಹಪಾಠಿಗಳೆಲ್ಲ ಒಬ್ಬರಿಗೊಬ್ಬರು ಫೋನ್ ಮಾಡಿಕೊಂಡೆವು.

ಕಾಲೇಜಿನಲ್ಲಿ ನಾನು ಅತ್ಯಂತ ಶ್ರದ್ಧೆಯಿಂದ ಕಲಿತದ್ದು ರೆಟಿನೋಸ್ಕೋಪ್. ಕತ್ತಲ ಕೊಠಡಿಯಲ್ಲಿ, ಎದುರಿನವರ ಕಣ್ಣಿನಿಂದ 66 ಸೆಂಟಿಮೀಟರ್ ದೂರದಲ್ಲಿ ಕುಳಿತು, ಪಟ್ಟಿಯಂತಹ ಬೆಳಕನ್ನು ಪಾಪೆಯ ಮೇಲೆ ಅತ್ತಿತ್ತ ಆಡಿಸಬೇಕು. ಒಳಗಿನಿಂದ ಮರಳಿ ಬರುವ ಕೆಂಪು ಹೊಳಪು ನಮ್ಮ ಬೆಳಕಿನ ದಿಕ್ಕಿನಲ್ಲೇ ಸರಿದರೆ ಪ್ಲಸ್ ಗಾಜು, ವಿರುದ್ಧ ದಿಕ್ಕಿಗೆ ಸರಿದರೆ ಮೈನಸ್ ಗಾಜು ಹಾಕುತ್ತ ಹೋಗಬೇಕು. ಒಂದು ಹಂತದಲ್ಲಿ ಚಲನೆ ನಿಂತು ಇಡೀ ಪಾಪೆ ದೀಪ ಹಚ್ಚಿದಂತೆ ತುಂಬಿಕೊಳ್ಳುತ್ತದೆ. ಆಗ ಸಿಕ್ಕ ನಂಬರಿನಿಂದ ನಾವು ಕುಳಿತ ದೂರದ ಲೆಕ್ಕವಾದ 1.50 ಕಳೆದರೆ ಆ ಕಣ್ಣಿನ ನಂಬರ್. ಎದುರಿನವರು ಒಂದು ಮಾತೂ ಆಡಬೇಕಾಗಿಲ್ಲ. ಮಾತು ಬಾರದ ಮಗುವಿಗೂ, ಹಾಸಿಗೆ ಹಿಡಿದ ವೃದ್ಧರಿಗೂ ನಂಬರ್ ಕಂಡುಹಿಡಿಯಬಹುದಾದ ವಿದ್ಯೆ ಇದು. ಹಾಸ್ಟೆಲ್ಲಿನಲ್ಲಿ ರಾತ್ರಿ ದೀಪ ಆರಿಸಿ ಗೆಳತಿಯರ ಕಣ್ಣುಗಳನ್ನು ನೋಡುತ್ತಿದ್ದೆ. ನನ್ನ ಲೆಕ್ಕಕ್ಕೂ ಅವರ ನಿಜವಾದ ನಂಬರಿಗೂ 0.25ಕ್ಕಿಂತ ಹೆಚ್ಚು ವ್ಯತ್ಯಾಸ ಬಾರದಂತಾಗಲು ಎಂಟು ತಿಂಗಳು ಹಿಡಿಯಿತು. ಈಗ ಆಟೋರಿಫ್ರಾಕ್ಟೋಮೀಟರ್ ಕ್ಷಣದಲ್ಲಿ ನಂಬರ್ ಮುದ್ರಿಸಿ ಕೊಡುತ್ತದೆ, ನನ್ನಲ್ಲೂ ಒಂದಿದೆ. ಆದರೆ ಮಕ್ಕಳು ಅದರೊಳಗಿನ ಚಿತ್ರವನ್ನು ಹತ್ತಿರದ್ದೆಂದು ಭಾವಿಸಿ ಕಣ್ಣನ್ನು ಬಿಗಿಹಿಡಿದರೆ ಇಲ್ಲದ ಮೈನಸ್ ಹುಟ್ಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದಾಗಲಂತೂ ಬ್ಯಾಟರಿಯ ರೆಟಿನೋಸ್ಕೋಪೇ ಗತಿ.

ಮೊದಲ ಕೆಲಸ ಬೆಂಗಳೂರಿನ ಒಂದು ಕನ್ನಡಕ ಮಳಿಗೆಯಲ್ಲಿ ಸಿಕ್ಕಿತು. ಸಂಬಳ ಪರವಾಗಿರಲಿಲ್ಲ, ಆದರೆ ಎಷ್ಟು ಜನರ ಕಣ್ಣು ನೋಡಿದೆ ಎಂಬುದಕ್ಕಿಂತ ಅವರಲ್ಲಿ ಎಷ್ಟು ಮಂದಿ ದುಬಾರಿ ಗಾಜು ಕೊಂಡರು ಎಂಬುದರ ಮೇಲೆ ತಿಂಗಳ ಕೊನೆಯಲ್ಲಿ ನನ್ನನ್ನು ಅಳೆಯುತ್ತಿದ್ದರು. ನಂಬರ್ ಬದಲಾಗಿಲ್ಲ, ಹಳೆಯ ಕನ್ನಡಕವೇ ಸಾಕು ಎಂದು ಒಬ್ಬರಿಗೆ ಹೇಳಿ ಕಳಿಸಿದ್ದಕ್ಕೆ ಸಂಜೆ ಮಾತು ಕೇಳಬೇಕಾಯಿತು. ಎರಡು ವರ್ಷಕ್ಕೆ ಅಲ್ಲಿಂದ ಹೊರಬಂದೆ. ಶಿವಮೊಗ್ಗದ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಕಳೆದ ಐದು ವರ್ಷಗಳು ನನ್ನನ್ನು ರೂಪಿಸಿದವು. ನಂಬರ್ ಹಾಕಿದರೂ ನೋಟ ಸುಧಾರಿಸದಿದ್ದರೆ ಅಲ್ಲಿಗೇ ನಿಲ್ಲಬಾರದೆಂದು, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ ಆ ದಿನವೇ ಕನ್ನಡಕ ಬರೆಯಬಾರದೆಂದು, ಏಕೆಂದರೆ ರಕ್ತದ ಸಕ್ಕರೆ ಏರಿಳಿದಂತೆ ನಂಬರೂ ಏರಿಳಿಯುತ್ತದೆಂದು, ನೋವಿಲ್ಲದೆ ಒಳಗೊಳಗೇ ದೃಷ್ಟಿ ತಿನ್ನುವ ಗ್ಲಾಕೋಮಾವನ್ನು ಅನುಮಾನಿಸಲು ನಲವತ್ತು ದಾಟಿದವರ ಕಣ್ಣಿನ ಒತ್ತಡವನ್ನು ನೋಡಲೇಬೇಕೆಂದು ಕಲಿತದ್ದು ಅಲ್ಲಿನ ಹಿರಿಯ ವೈದ್ಯರ ಪಕ್ಕದಲ್ಲಿ ನಿಂತು.

ಮದುವೆಯ ನಂತರ ಸಾಗರಕ್ಕೆ ಮರಳಿ, ಬಾಡಿಗೆಗೆ ಹಿಡಿದ ಕೊಠಡಿಯ ಉದ್ದ ಹನ್ನೊಂದು ಅಡಿ. ದೃಷ್ಟಿಯ ಚಾರ್ಟು ಆರು ಮೀಟರ್, ಅಂದರೆ ಸುಮಾರು ಇಪ್ಪತ್ತು ಅಡಿ ದೂರದಲ್ಲಿರಬೇಕು. ಅದಕ್ಕೆ ಕುರ್ಚಿಯ ಹಿಂದಿನ ಗೋಡೆಯಲ್ಲಿ ಅಕ್ಷರಗಳನ್ನು ತಿರುವು ಮುರುವಾಗಿ ಬರೆದ ಚಾರ್ಟು, ಎದುರಿನ ಗೋಡೆಯಲ್ಲಿ ಕನ್ನಡಿ ಹಾಕಿದೆ. ಕನ್ನಡಿಯಲ್ಲಿ ಅಕ್ಷರ ನೇರವಾಗಿಯೂ ಕಾಣುತ್ತದೆ, ದೂರವೂ ಎರಡು ಪಟ್ಟಾಗುತ್ತದೆ. ಕನ್ನಡ, ಇಂಗ್ಲಿಷ್ ಚಾರ್ಟುಗಳ ಜೊತೆಗೆ ನಾಲ್ಕು ದಿಕ್ಕಿಗೆ ತಿರುಗಿದ ಇಂಗ್ಲಿಷ್ ‘E’ ಆಕಾರದ ಚಾರ್ಟನ್ನೂ ಇಟ್ಟಿದ್ದೇನೆ. ಓದು ಬಾರದ ಹಿರಿಯ ಹೆಂಗಸರು ಅದನ್ನು ಹೇಳಿಕೊಳ್ಳಲು ಸಂಕೋಚಪಟ್ಟು “ಕಾಣೋದಿಲ್ಲ” ಎಂದುಬಿಡುತ್ತಾರೆ, ನಾವು ಗಾಜಿನ ಮೇಲೆ ಗಾಜು ಬದಲಾಯಿಸುತ್ತ ಹೋಗುತ್ತೇವೆ. ಹಾಗಾಗಿ ಈಗ ಯಾರನ್ನೂ ಓದು ಬರುತ್ತದೆಯೇ ಎಂದು ಕೇಳದೆ, ಆ ಆಕಾರದ ಬಾಗಿಲು ಯಾವ ಕಡೆ ತೆರೆದಿದೆ, ಕೈಯಲ್ಲಿ ತೋರಿಸಿ ಎಂದಷ್ಟೇ ಹೇಳುತ್ತೇನೆ.

ಶರಾವತಿ ಹಿನ್ನೀರಿನ ಆಚೆಯ ತುಮರಿ ಭಾಗದವರು ಲಾಂಚಿನಲ್ಲಿ ಬರುತ್ತಿದ್ದ ವರ್ಷಗಳಲ್ಲಿ, ಸರದಿ ಎಷ್ಟೇ ಉದ್ದವಿದ್ದರೂ ಅವರನ್ನು ಮೊದಲು ನೋಡಿ ಕಳಿಸುತ್ತಿದ್ದೆ. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಅವರಿಗೆ ಆ ರಾತ್ರಿ ಮನೆಯಿಲ್ಲ. 2025ರ ಜುಲೈನಲ್ಲಿ ಸೇತುವೆ ತೆರೆದ ಮೇಲೆ ಆ ಅವಸರ ತಪ್ಪಿದೆ.

ನವೆಂಬರಿನಿಂದ ಅಡಿಕೆ ಕೊಯ್ಲು ಶುರುವಾದರೆ ನನ್ನ ಕೊಠಡಿಯಲ್ಲಿ ಅಡಿಕೆ ಸುಲಿಯುವ ಹೆಂಗಸರ ಸಂಖ್ಯೆ ಹೆಚ್ಚುತ್ತದೆ. ಮೆಟ್ಟುಗತ್ತಿಯ ಮುಂದೆ ಕುಳಿತು, ರಾತ್ರಿ ಹತ್ತು ಹನ್ನೊಂದರವರೆಗೆ ಒಂದೇ ಬಲ್ಬಿನ ಬೆಳಕಿನಲ್ಲಿ ಸುಲಿಯುವಾಗ, ಕತ್ತಿಯ ಅಲಗು ಕಣ್ಣಿನಿಂದ ಹೆಚ್ಚುಕಡಿಮೆ 60 ಸೆಂಟಿಮೀಟರ್ ದೂರದಲ್ಲಿರುತ್ತದೆ. ಓದುವ ನಂಬರಿನ ಕನ್ನಡಕ ಹಾಕಿದರೆ ಅಲಗು ಮಸುಕಾಗುತ್ತದೆ, ತೆಗೆದರೂ ಮಸುಕಾಗುತ್ತದೆ, ಬೆರಳು ಕೊಯ್ದುಕೊಳ್ಳುವುದು ಅಲ್ಲಿಯೇ. ಅವರಿಗೆ ನಾನು ಪ್ಲಸ್ 1.50 ಅಥವಾ 1.75ರ ಸಾದಾ ಕನ್ನಡಕ ಬರೆಯುತ್ತೇನೆ. ಮೇಲೆ ದೂರದ, ಕೆಳಗೆ ಓದುವ ನಂಬರಿರುವ ಬೈಫೋಕಲ್ ಬೇಡವೆನ್ನಲು ಇನ್ನೊಂದು ಕಾರಣವೂ ಉಂಟು: ಪಾಚಿಗಟ್ಟಿದ ಮೆಟ್ಟಿಲು ಇಳಿಯುವಾಗ ನೋಟ ಹಾಯುವುದು ಗಾಜಿನ ಕೆಳಭಾಗದಲ್ಲಿ, ಅದು ಓದುವ ನಂಬರಿನದಾದ್ದರಿಂದ ಮೆಟ್ಟಿಲಿನ ಅಂಚು ಕಾಣುವುದಿಲ್ಲ.

ಒಮ್ಮೆ ಸರ್ಕಾರಿ ಶಾಲೆಯೊಂದರಲ್ಲಿ ಮಕ್ಕಳ ಕಣ್ಣು ನೋಡುತ್ತಿದ್ದಾಗ, ಒಂದನೇ ತರಗತಿಯ ಹುಡುಗನೊಬ್ಬ ಎರಡೂ ಕಣ್ಣಿನಲ್ಲಿ ಚಾರ್ಟಿನ ಕೊನೆಯ ಸಾಲಿನವರೆಗೆ ತೋರಿಸಿದ. ಬಲಗಣ್ಣು ಮುಚ್ಚಿದಾಗ ಅವನ ಬೆರಳುಗಳ ನಡುವೆ ಸಂದು ಇದ್ದುದನ್ನು ಗಮನಿಸಿ, ನನ್ನ ಅಂಗೈಯಿಂದಲೇ ಮುಚ್ಚಿದೆ. ತಕ್ಷಣ ತಲೆ ಕೊಸರಿಕೊಂಡು ಅಳಲು ತೊಡಗಿದ. ಎಡಗಣ್ಣಿನಲ್ಲಿ ಇದ್ದದ್ದು 6/60ರ ನೋಟ, ಅಂದರೆ ಸರಿಯಾದ ಕಣ್ಣಿಗೆ 60 ಮೀಟರಿನಿಂದ ಕಾಣುವ ಅಕ್ಷರ ಅವನಿಗೆ 6 ಮೀಟರಿಗೆ ಬಂದರಷ್ಟೇ ಕಾಣುತ್ತಿತ್ತು. ಸ್ವಲ್ಪ ಮೆಳ್ಳೆಗಣ್ಣೂ ಇತ್ತು, ಮನೆಯಲ್ಲಿ ಅದನ್ನು ಅದೃಷ್ಟವೆಂದು ಬಿಟ್ಟಿದ್ದರು. ಶಿವಮೊಗ್ಗದ ತಜ್ಞರು ಔಷಧಿ ಹಾಕಿ ಪಾಪೆ ಹಿಗ್ಗಿಸಿ ನೋಡಿದಾಗ ಆ ಕಣ್ಣಿಗೆ ಪ್ಲಸ್ 5 ಬಂತು. ಕಣ್ಣಿಗೆ ಕಾಯಿಲೆಯಿಲ್ಲದಿದ್ದರೂ, ಚಿಕ್ಕಂದಿನಿಂದ ಸ್ಪಷ್ಟ ಬಿಂಬ ಸಿಗದ ಕಣ್ಣನ್ನು ಮಿದುಳು ಬಳಸುವುದನ್ನೇ ಬಿಡುತ್ತದೆ. ಇದನ್ನು ಸೋಮಾರಿ ಕಣ್ಣು ಎನ್ನುತ್ತಾರೆ, ನನಗೆ ಆ ಹೆಸರು ಇಷ್ಟವಿಲ್ಲ. ದಿನವಿಡೀ ಕನ್ನಡಕ, ಜೊತೆಗೆ ದಿನಕ್ಕೆ ಎರಡು ಗಂಟೆ ಒಳ್ಳೆಯ ಕಣ್ಣಿಗೆ ಪಟ್ಟಿ ಎಂದು ತಜ್ಞರು ಬರೆದರು. ಅಜ್ಜಿಗೆ ಮೊಮ್ಮಗನ ಚೆನ್ನಾಗಿರುವ ಕಣ್ಣನ್ನು ಮುಚ್ಚುವುದು ಒಪ್ಪಿಗೆಯಾಗಲಿಲ್ಲ. ಅವರ ಒಂದು ಕಣ್ಣನ್ನು ನಾನು ಮುಚ್ಚಿ, ಇನ್ನೊಂದರ ಮುಂದೆ ಮೊಮ್ಮಗನ ಎಡಗಣ್ಣಿಗೆ ಎಷ್ಟು ಕಾಣುತ್ತದೋ ಅಷ್ಟೇ ಕಾಣುವಂತೆ ಗಾಜು ಹಾಕಿ ತೋರಿಸಿದೆ. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಪಟ್ಟಿ ಕಟ್ಟುವ ಕೆಲಸವನ್ನು ಆಮೇಲೆ ಅವರೇ ವಹಿಸಿಕೊಂಡರು. ಒಂದು ವರ್ಷದಲ್ಲಿ ಆ ಕಣ್ಣಿನ ನೋಟ 6/12ಕ್ಕೆ ಬಂತು.

ಇಂತಹ ಕೆಲಸದಿಂದ ಬರುವ ಆದಾಯ ಬೆಂಗಳೂರಿನ ಸಂಬಳಕ್ಕೆ ಸರಿದೂಗಲು ನಾಲ್ಕು ವರ್ಷ ಬೇಕಾಯಿತು. ಅಷ್ಟು ದಿನ ಗಂಡನ ತೋಟ ಮನೆಯನ್ನು ನಡೆಸಿತು. ಹೊಸಬರು ಈ ಮಾತನ್ನು ತಿಳಿದುಕೊಂಡೇ ಊರಿಗೆ ಮರಳಬೇಕು. ಪರೀಕ್ಷೆಗೆ ಪ್ರತ್ಯೇಕ ಶುಲ್ಕ ಇಟ್ಟು, ಕನ್ನಡಕವನ್ನು ಎಲ್ಲಿ ಬೇಕಾದರೂ ಮಾಡಿಸಿಕೊಳ್ಳಬಹುದೆಂದು ಮೊದಲ ದಿನದಿಂದಲೂ ಹೇಳಿದ್ದೇನೆ. ನಮ್ಮಲ್ಲೇ ಮಾಡಿಸುವವರ ಗಾಜು ಶಿವಮೊಗ್ಗದಲ್ಲಿ ತಯಾರಾಗಿ ಬಸ್ಸಿನಲ್ಲಿ ಬರುತ್ತದೆ.

ಸಂಜೆ ಆರೂವರೆಗೆ ಬಾಗಿಲು ಹಾಕುತ್ತೇನೆ. ದಿನವಿಡೀ ಕತ್ತಲ ಕೊಠಡಿಯಲ್ಲಿ, ಅಪರಿಚಿತರ ಮುಖದ ಎದುರು ಕುಳಿತು, ‘ಇದು ಚೆನ್ನಾಗಿದೆಯೋ, ಅದು ಚೆನ್ನಾಗಿದೆಯೋ’ ಎಂದು ನೂರಾರು ಸಲ ಕೇಳಿದ ಮೇಲೆ ನನಗೆ ನನ್ನದೇ ಮಾತು ಬೇಕಾಗುತ್ತದೆ. ಅದು ಸಿಗುವುದು ತಾಳಮದ್ದಳೆಯಲ್ಲಿ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹೇಳುತ್ತಾರೆ, ಅರ್ಥ ಹೇಳುವವರು ಕುಳಿತಲ್ಲೇ ಪಾತ್ರವಾಗಿ ವಾದಿಸುತ್ತಾರೆ. ನಮ್ಮದು ಎಂಟು ಹೆಂಗಸರ ತಂಡ, ಶನಿವಾರ ರಾತ್ರಿ ಯಾರದಾದರೂ ಮನೆಯ ಜಗುಲಿಯಲ್ಲಿ ಅಭ್ಯಾಸ. ಮಳೆಗಾಲದಲ್ಲಿ ಹಂಚಿನ ಮೇಲೆ ಮಳೆ ಸುರಿಯುವಾಗ ಮದ್ದಳೆಯ ದನಿಯೂ ಕೇಳದಂತಾಗಿ ಹತ್ತಿರ ಹತ್ತಿರ ಸರಿದು ಕುಳಿತುಕೊಳ್ಳುತ್ತೇವೆ. ಮೊದಲೆರಡು ವರ್ಷ ನನಗೆ ಸಿಗುತ್ತಿದ್ದುದು ದೂತರ ಪಾತ್ರ, ಕಳೆದ ವರ್ಷ ವಾಲಿವಧೆಯಲ್ಲಿ ತಾರೆಯ ಅರ್ಥ ಹೇಳಿದೆ. ಯುದ್ಧಕ್ಕೆ ಹೊರಟ ವಾಲಿಯನ್ನು ತಡೆಯುವ ಆ ಮಾತುಗಳನ್ನು ತಿಂಗಳ ಕಾಲ, ತೋಟದ ಕಾಲುವೆಗೆ ನೀರು ತಿರುಗಿಸುತ್ತ, ಅಡಕೆ ಮರಗಳ ಮುಂದೆ ಗಟ್ಟಿಯಾಗಿ ಹೇಳಿಕೊಂಡಿದ್ದೇನೆ. ಆ ಹೊತ್ತಿನಲ್ಲಿ ಫೋನ್ ಮನೆಯಲ್ಲಿರುತ್ತದೆ.

ನಮ್ಮ ತಂಡಕ್ಕೆ ಹಾಡುವ ಭಾಗವತರಿಗೆ ಅರವತ್ತೆರಡು ವರ್ಷ. ಕಳೆದ ಶ್ರಾವಣದಲ್ಲಿ ಅವರು ಜಾಗಟೆ ಬಾರಿಸುತ್ತ ನೆಲದ ಮೇಲಿನ ಪ್ರಸಂಗದ ಪುಸ್ತಕದ ಕಡೆಗೆ ಪದೇ ಪದೇ ಬಾಗುವುದನ್ನೂ, ಬಾಗಿದಾಗಲೆಲ್ಲ ಶ್ರುತಿ ಅರೆಕ್ಷಣ ಕುಸಿಯುವುದನ್ನೂ ಗಮನಿಸಿದೆ. ಚಾಳೀಸು ಬಂದು ಇಪ್ಪತ್ತು ವರ್ಷವಾಯಿತು, ಇನ್ನೇನು ಮಾಡುವುದು ಮಗಳೇ ಎಂದರು. ಮರುವಾರ ಟೇಪು ತೆಗೆದುಕೊಂಡು ಹೋಗಿ, ಪದ್ಯ ಹೇಳುವ ಭಂಗಿಯಲ್ಲೇ ಕೂರಿಸಿ ಅಳೆದೆ. 80 ಸೆಂಟಿಮೀಟರ್. ಆ ದೂರಕ್ಕೆ ಪ್ಲಸ್ 1.25ರ ಕನ್ನಡಕ ಬರೆದು, ಪುಸ್ತಕದ ಅಡಿಗೆ ಒಂದು ಇಳಿಜಾರು ಮಣೆ ಮಾಡಿಸಿ ಎಂದೆ. ಮಣೆಯನ್ನು ಮಾಡಿಕೊಟ್ಟವರು ಅದೇ ಗುಡಿಗಾರರು. ಅದರ ಅಂಚಿಗೆ ಅವರು ಒಂದು ಬಳ್ಳಿಯನ್ನೂ ಕೆತ್ತಿದ್ದಾರೆ.